"ಊಟ ಆಯ್ತಾ?" ಅಂತ ಮೊದಲು ಕೇಳುವವರು ಯಾರು? ಎಲ್‌ಜಿಬಿಟಿಕ್ಯೂ ಮಕ್ಕಳನ್ನು ಸಾಗಣೆ ಜಾಲದಿಂದ ಕಾಪಾಡುವ ಸಮಗ್ರ ಮಾರ್ಗದರ್ಶಿ

ರಾತ್ರಿ ಹತ್ತೂವರೆ. ಮೆಜೆಸ್ಟಿಕ್ ಬಸ್ ನಿಲ್ದಾಣ. ಹದಿನೇಳರ ಹುಡುಗನೊಬ್ಬ ಕಾಲೇಜು ಬ್ಯಾಗನ್ನು ತೊಡೆ ಮೇಲಿಟ್ಟುಕೊಂಡು ಕೂತಿದ್ದಾನೆ. ಮೊಬೈಲ್ ಚಾರ್ಜ್ ಮುಗಿಯುತ್ತಾ ಬಂದಿದೆ. ಬೆಳಗ್ಗೆ ಅಪ್ಪ ಅವನ ಮೊಬೈಲ್ ತೆಗೆದು ಮೆಸೇಜ್ ಓದಿದ್ದಾರೆ, ಹೊಡೆದಿದ್ದಾರೆ, "ಈ ಮನೆ ಮೆಟ್ಟಿಲು ಹತ್ತಬೇಡ" ಅಂದಿದ್ದಾರೆ. ಪಕ್ಕದಲ್ಲಿ ಬಂದು ಕೂತವರೊಬ್ಬರು ಮೆಲ್ಲಗೆ ಕೇಳುತ್ತಾರೆ: "ಊಟ ಆಯ್ತಾ?"

ಕೇಳಿದವರು ಒಳ್ಳೆಯವರೂ ಇರಬಹುದು. ಇಲ್ಲದೆಯೂ ಇರಬಹುದು. ಆ ಹುಡುಗನಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಇಡೀ ದಿನ ಯಾರೂ ಅವನನ್ನು ಆ ಮಾತು ಕೇಳಿಲ್ಲ.

ನಾನು ಪಿಯು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಇಂಥ ಮಕ್ಕಳನ್ನು ನೋಡಿದ್ದೇನೆ, ಅವರ ಅಪ್ಪ-ಅಮ್ಮಂದಿರ ಜೊತೆ ಕೂತು ಮಾತಾಡಿದ್ದೇನೆ. ಈ ಬರಹ ಅಪ್ಪ-ಅಮ್ಮ, ಮೇಷ್ಟ್ರು, ಹಾಸ್ಟೆಲ್ ವಾರ್ಡನ್, ಗೆಳೆಯರಿಗಾಗಿ. ಆ ಮಕ್ಕಳಿಗಾಗಿಯೂ ಹೌದು. ಗೇ, ಲೆಸ್ಬಿಯನ್, ಬೈಸೆಕ್ಷುವಲ್, ಟ್ರಾನ್ಸ್ ಆಗಿರುವುದರಿಂದ ಯಾವ ಮಗುವೂ ದಲ್ಲಾಳಿ ಕೈಗೆ ಸಿಗುವುದಿಲ್ಲ. ಮನೆಯಲ್ಲಿ ಜಾಗ ಇಲ್ಲದೆ ಹೋದಾಗ ಸಿಗುತ್ತದೆ. ಹಾಗಾಗಿ ಕೆಲಸ ಶುರುವಾಗುವುದು ಠಾಣೆಯಲ್ಲಲ್ಲ, ಅಡುಗೆಮನೆಯಲ್ಲಿ.

ಮೊದಲು, ಬಲೆ ಹೇಗೆ ಬೀಳುತ್ತದೆ ಅಂತ ತಿಳಿದುಕೊಳ್ಳಿ

ಮಾನವ ಕಳ್ಳಸಾಗಣೆ ಅಂದರೆ ಬಾಯಿಗೆ ಬಟ್ಟೆ ಕಟ್ಟಿ ವ್ಯಾನಿನಲ್ಲಿ ಎತ್ತಿಕೊಂಡು ಹೋಗುವುದು ಅಂತ ನಮ್ಮ ತಲೆಯಲ್ಲಿ ಕೂತಿದೆ. ಈ ಮಕ್ಕಳ ವಿಷಯದಲ್ಲಿ ಹಾಗೆ ಆಗುವುದು ಕಡಿಮೆ. ಇಲ್ಲಿ ಮೊದಲು ಪ್ರೀತಿ ಬರುತ್ತದೆ. "ನಿನ್ನನ್ನು ನಾನು ಅರ್ಥ ಮಾಡಿಕೊಳ್ಳುತ್ತೇನೆ" ಅನ್ನುವ ಮಾತು ಬರುತ್ತದೆ. ಆಮೇಲೆ ರೂಮು, ಬಟ್ಟೆ, ಮೊಬೈಲ್. ಸ್ವಲ್ಪ ದಿನ ಕಳೆದ ಮೇಲೆ ಲೆಕ್ಕ ಹೊರಗೆ ಬರುತ್ತದೆ: "ಇಷ್ಟೆಲ್ಲ ಖರ್ಚು ಮಾಡಿದ್ದೀನಲ್ಲ, ತೀರಿಸು." ತೀರಿಸುವ ದಾರಿಯನ್ನೂ ಅವರೇ ತೋರಿಸುತ್ತಾರೆ. ಒಪ್ಪದಿದ್ದರೆ ಕೊನೆಯ ಅಸ್ತ್ರ: "ನಿಮ್ಮ ಮನೆಯವರಿಗೆ, ಊರಿಗೆ ಹೇಳುತ್ತೇನೆ."

ಈ ಕೊನೆಯ ಬೆದರಿಕೆ ಕೆಲಸ ಮಾಡುವುದು ಮನೆಯವರಿಗೆ ಗೊತ್ತಾಗಬಾರದು ಅನ್ನುವ ಭಯ ಇದ್ದಾಗ ಮಾತ್ರ. ಗೊತ್ತಿದ್ದೂ ಮನೆಯವರು ಜೊತೆಗೆ ನಿಂತಿದ್ದರೆ ದಲ್ಲಾಳಿಯ ಕೈಯಲ್ಲಿ ಹಿಡಿದು ಹೆದರಿಸಲು ಏನೂ ಉಳಿಯುವುದಿಲ್ಲ.

ಹಂತ 1: ಮಗು ಹೇಳಿಕೊಂಡ ದಿನ

ಮಗ ಅಥವಾ ಮಗಳು ಬಂದು "ಅಮ್ಮಾ, ನಾನು ಹೀಗೆ" ಅಂದರೆ ನಿಮಗೆ ಎದೆ ಧಸಕ್ ಅನ್ನಬಹುದು. ಆಗಲಿ. ಆದರೆ ಆ ಹೊತ್ತಿಗೆ ಬಾಯಿಂದ ಬರಬೇಕಾದ್ದು ಇಷ್ಟೇ: "ಹೇಳಿದ್ದು ಒಳ್ಳೇದಾಯ್ತು. ನೀನು ನಮ್ಮ ಮಗುವೇ. ಬಾ, ಊಟ ಮಾಡೋಣ." ಉಳಿದ ಪ್ರಶ್ನೆಗಳನ್ನು ಒಂದು ವಾರ ಬಿಟ್ಟು ಕೇಳಿದರೂ ಏನೂ ಆಗುವುದಿಲ್ಲ.

ಮಾಡಬಾರದ್ದು ಕೆಲವಿವೆ. ಮೊಬೈಲ್ ಕಿತ್ತುಕೊಳ್ಳಬೇಡಿ, ರಾತ್ರಿ ಅಪಾಯದಲ್ಲಿ ನಿಮಗೆ ಫೋನ್ ಮಾಡುವುದಕ್ಕೂ ಅದೇ ಬೇಕು. ನೆಂಟರ ಮನೆಗೆಲ್ಲ ಸುದ್ದಿ ಮುಟ್ಟಿಸಬೇಡಿ. ಅವಸರದಲ್ಲಿ ಮದುವೆ ಗೊತ್ತು ಮಾಡಬೇಡಿ. ದೇವರು ಬರಿಸುವವರ ಬಳಿ, "ಸರಿ ಮಾಡುತ್ತೇನೆ" ಅನ್ನುವ ಡಾಕ್ಟರ ಬಳಿ ಕರೆದುಕೊಂಡು ಹೋಗಬೇಡಿ. ಇದನ್ನು ಬದಲಾಯಿಸುವ ಚಿಕಿತ್ಸೆ ಅಂತ ಯಾವುದೂ ಇಲ್ಲ. 2021ರಲ್ಲಿ ಮದ್ರಾಸ್ ಹೈಕೋರ್ಟ್ ಇಂಥ ಚಿಕಿತ್ಸೆಯ ವಿರುದ್ಧ ಆದೇಶ ಕೊಟ್ಟಿತು. 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಇದನ್ನು ವೃತ್ತಿ ದುರ್ನಡತೆ ಅಂತ ಹೇಳಿತು. ನಿಮಗೇ ಯಾರ ಜೊತೆಗಾದರೂ ಮಾತಾಡಬೇಕು ಅನ್ನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಮೇಷ್ಟ್ರುಗಳಿಗೆ ಒಂದು ಮಾತು. ನನ್ನ ಬಳಿ ಮೊದಲ ಸಲ ಒಬ್ಬ ವಿದ್ಯಾರ್ಥಿ ಹೇಳಿಕೊಂಡಾಗ ನಾನು, "ಯಾರಿಗೂ ಹೇಳಬೇಡ, ಎಲ್ಲ ಸರಿ ಹೋಗುತ್ತೆ" ಅಂದೆ. ಅವನ ಒಳ್ಳೆಯದಕ್ಕೇ ಅಂದುಕೊಂಡಿದ್ದೆ. ಅವನ ಮುಖ ಮುಚ್ಚಿಕೊಂಡಿದ್ದು ಇನ್ನೂ ಕಣ್ಣಲ್ಲಿದೆ. ಶೋಷಣೆ ಮಾಡುವವರು ಮೊದಲು ಕಲಿಸುವುದೂ ಅದೇ ಮಾತು: "ಯಾರಿಗೂ ಹೇಳಬೇಡ." ಈಗ ಹೀಗೆ ಹೇಳುತ್ತೇನೆ: "ಯಾರಿಗೆ, ಯಾವಾಗ ಹೇಳಬೇಕು ಅನ್ನೋದು ನಿನಗೆ ಬಿಟ್ಟಿದ್ದು. ಆದರೆ ಯಾರಾದರೂ ನಿನ್ನನ್ನು ಹೆದರಿಸಿದರೆ, ಮುಟ್ಟಿದರೆ ನನಗೆ ಹೇಳು. ಆ ವಿಷಯದಲ್ಲಿ ಗುಟ್ಟು ಬೇಡ."

ಹಂತ 2: ಏನನ್ನು ಗಮನಿಸಬೇಕು

ನಡಿಗೆ, ಉಡುಪು, ಕೂದಲು ನೋಡಿ ಕಾವಲು ಕಾಯುವುದು ದಂಡ. ದುಡ್ಡು, ವಸ್ತು, ಹೊತ್ತು ನೋಡಿ. ಎಲ್ಲಿಂದ ಬಂತು ಅಂತ ಹೇಳಲಾಗದ ಹೊಸ ಮೊಬೈಲ್. ವಯಸ್ಸಿನಲ್ಲಿ ತುಂಬ ದೊಡ್ಡವರಾದ "ಫ್ರೆಂಡ್". ಕರೆ ಬಂದ ಕೂಡಲೇ ಬಿಳಿಚಿಕೊಳ್ಳುವ ಮುಖ. ಮನೆಯಿಂದ ಸಣ್ಣ ಸಣ್ಣ ಮೊತ್ತ ಕಾಣೆಯಾಗುವುದು. ಇದು ಬ್ಲ್ಯಾಕ್‌ಮೇಲಿನ ಗುರುತು ಆಗಿರುವುದೇ ಜಾಸ್ತಿ. ಆಧಾರ್ ಕಾರ್ಡ್ ಬೇರೆಯವರ ಹತ್ತಿರ ಇರುವುದು. ಕೈ ಮೇಲೆ ಸುಟ್ಟ ಗಾಯ. ತಿಂಗಳಲ್ಲಿ ಎರಡು ಮೂರು ದಿನ ಊರಲ್ಲೇ ಇಲ್ಲದಿರುವುದು.

ಇವುಗಳಲ್ಲಿ ಒಂದು ಕಂಡ ಕೂಡಲೇ ವಿಚಾರಣೆ ಮಾಡಬೇಡಿ. "ನಿನಗೆ ಯಾರಾದರೂ ತೊಂದರೆ ಕೊಡುತ್ತಿದ್ದಾರಾ?" ಅಂತ ಒಂದೇ ಸಲ, ನೇರವಾಗಿ, ಬೈಯದೆ ಕೇಳಿ. ಇಲ್ಲ ಅಂದರೆ, "ಸರಿ, ಬೇಕಾದಾಗ ಹೇಳು" ಅನ್ನಿ. ಹೆಚ್ಚಿನ ಮಕ್ಕಳು ಎರಡನೇ ಅಥವಾ ಮೂರನೇ ಸಲ ಹೇಳುತ್ತಾರೆ.

ಹಂತ 3: ಮೊಬೈಲ್

ಸಣ್ಣ ಊರಿನಲ್ಲಿ ತನ್ನಂಥ ಇನ್ನೊಬ್ಬರು ಎಲ್ಲಿ ಸಿಗುತ್ತಾರೆ ಹೇಳಿ? ಹಾಗಾಗಿ ಮಕ್ಕಳು ಆ್ಯಪ್‌ಗಳಿಗೆ ಹೋಗುತ್ತಾರೆ. ಗ್ರೈಂಡರ್‌ನಂಥ ಡೇಟಿಂಗ್ ಆ್ಯಪ್‌ಗಳಿಗೆ 18 ತುಂಬಿರಬೇಕು ಅನ್ನುವ ನಿಯಮ ಇದೆ. ಆದರೆ ಹದಿನಾರರವರು ಹುಟ್ಟಿದ ವರ್ಷ ಬದಲಾಯಿಸಿ ಒಳಗೆ ಹೋಗುವುದೂ ಇದೆ. ಇಲ್ಲಿ ಕಾದಿರುವ ಅಪಾಯ ಮೂರು ಬಗೆ. ಸುಳ್ಳು ಪ್ರೊಫೈಲ್ ಮಾಡಿಕೊಂಡು ಭೇಟಿಗೆ ಕರೆದು, ನಾಲ್ಕೈದು ಜನ ಸೇರಿ ಹೊಡೆದು ದುಡ್ಡು ಕಿತ್ತುಕೊಳ್ಳುವುದು. ವಿಡಿಯೋ ಕಾಲ್ ರೆಕಾರ್ಡ್ ಮಾಡಿ ಹೆದರಿಸುವುದು. ಮೂರನೆಯದು ನಿಧಾನದ್ದು: ವಾರಗಟ್ಟಲೆ ಪ್ರೀತಿಯಿಂದ ಮಾತಾಡಿ ಬೆಂಗಳೂರಿಗೋ ಮುಂಬೈಗೋ ಟಿಕೆಟ್ ಕಳಿಸುವುದು.

18 ದಾಟಿದವರು ಯಾರನ್ನಾದರೂ ಭೇಟಿಯಾಗುವುದಾದರೆ ಮೊದಲು ವಿಡಿಯೋ ಕಾಲಿನಲ್ಲಿ ಮುಖ ನೋಡಿ. ಜನ ಇರುವ ದರ್ಶಿನಿ, ಪಾರ್ಕು, ಮೆಟ್ರೋ ನಿಲ್ದಾಣ ನೀವೇ ಆರಿಸಿ. ಕೊನೇ ಗಳಿಗೆಯಲ್ಲಿ ಜಾಗ ಬದಲಾಯಿಸಿದರೆ ವಾಪಸ್ ಬನ್ನಿ. ಒಬ್ಬ ಗೆಳೆಯರಿಗೆ ಲೈವ್ ಲೊಕೇಶನ್ ಕಳಿಸಿ, ಇಷ್ಟು ಹೊತ್ತಿಗೆ ನಾನು ಫೋನ್ ಮಾಡದಿದ್ದರೆ ನೀನು ಮಾಡು ಅನ್ನಿ. ಯುಪಿಐ ಆ್ಯಪ್‌ನಲ್ಲಿ ದಿನದ ಮಿತಿಯನ್ನು ಕಡಿಮೆ ಇಟ್ಟುಕೊಳ್ಳಿ. ಹದಿನೆಂಟರ ಒಳಗಿನವರಿಗೆ ನನ್ನ ಸಲಹೆ ಬೇರೆ. ಡೇಟಿಂಗ್ ಆ್ಯಪ್ ಬೇಡ. ನಿಮ್ಮನ್ನು ಒಪ್ಪಿಕೊಳ್ಳುವ ಗೆಳೆಯರು ಬೇಕು ಅಂದರೆ ಬೆಂಬಲ ಗುಂಪುಗಳಿವೆ. ಅಲ್ಲಿ ಮಾತಾಡಲು ಬೆತ್ತಲೆ ಫೋಟೋ ಯಾರೂ ಕೇಳುವುದಿಲ್ಲ.

ಹೆದರಿಸುವುದು ಶುರುವಾಗಿದ್ದರೆ ಈ ಕ್ರಮದಲ್ಲಿ ನಡೆಯಿರಿ:

1. ದುಡ್ಡು ಕಳಿಸಬೇಡಿ. ಒಮ್ಮೆ ಕಳಿಸಿದರೆ ಬೇಡಿಕೆ ನಿಲ್ಲುವುದಿಲ್ಲ, ಇನ್ನೂ ಜಾಸ್ತಿಯಾಗುತ್ತದೆ. 
2. ಚಾಟ್ ಅಳಿಸಬೇಡಿ. ಪ್ರೊಫೈಲ್ ಹೆಸರು, ಲಿಂಕ್, ಫೋನ್ ನಂಬರ್, ಯುಪಿಐ ಐಡಿ, ತಾರೀಕು ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆಯಿರಿ. ಬ್ಲಾಕ್ ಮಾಡುವುದು ಇದೆಲ್ಲ ಆದ ಮೇಲೆ. 
3. ದುಡ್ಡು ಹೋಗಿದ್ದರೆ ಕೂಡಲೇ 1930ಕ್ಕೆ ಕರೆ ಮಾಡಿ. ಬೇಗ ಮಾಡಿದಷ್ಟೂ ಆ ಮೊತ್ತವನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಮಕ್ಕಳ ಮತ್ತು ಮಹಿಳೆಯರ ಮೇಲಿನ ಅಪರಾಧಕ್ಕೆ ಬೇರೆಯೇ ವಿಭಾಗ ಇದೆ. ಅಲ್ಲಿ ಹೆಸರು ಹೇಳದೆಯೂ ವರದಿ ಮಾಡಬಹುದು. ಕರ್ನಾಟಕದಲ್ಲಿ ಇಂಥ ಕೇಸು ನೋಡಲು ಸೈಬರ್ ಅಪರಾಧ (ಸೆನ್) ಪೊಲೀಸ್ ಠಾಣೆಗಳಿವೆ. 
4. ಫೋಟೋ ಹರಡುವುದನ್ನು ತಡೆಯಲು ಎರಡು ಉಚಿತ ಸೇವೆಗಳಿವೆ. ಫೋಟೋ ತೆಗೆದಾಗ 18 ತುಂಬಿರದವರಿಗೆ "ಟೇಕ್ ಇಟ್ ಡೌನ್". ದೊಡ್ಡವರಿಗೆ "ಸ್ಟಾಪ್ ಎನ್‌ಸಿಐಐ". ಎರಡರಲ್ಲೂ ಫೋಟೋ ನಿಮ್ಮ ಮೊಬೈಲ್ ಬಿಟ್ಟು ಹೋಗುವುದಿಲ್ಲ. ಅದರ ಬೆರಳಚ್ಚಿನಂಥ ಒಂದು ಸಂಕೇತ ಮಾತ್ರ ಹೋಗುತ್ತದೆ. ಸೇರಿಕೊಂಡಿರುವ ಸಾಮಾಜಿಕ ಜಾಲತಾಣಗಳು ಅದನ್ನು ನೋಡಿ ಫೋಟೋ ತಡೆಯುತ್ತವೆ.

ದೊಡ್ಡವರು ಇಲ್ಲಿ ಒಂದು ತಪ್ಪು ಮಾಡುತ್ತಾರೆ. ಸಾಕ್ಷಿ ಇರಲಿ ಅಂತ ಮಗುವಿನ ಆ ಫೋಟೋವನ್ನು ತಮ್ಮ ಮೊಬೈಲಿಗೆ ಕಳಿಸಿಕೊಂಡು, ಪ್ರಿನ್ಸಿಪಾಲರಿಗೆ, ಚಿಕ್ಕಪ್ಪನಿಗೆ ಕಳಿಸುತ್ತಾರೆ. ಬೇಡ. ಹದಿನೆಂಟರ ಒಳಗಿನವರ ಇಂಥ ಚಿತ್ರವನ್ನು ಹಂಚುವುದೇ ಪೋಕ್ಸೋ (ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಕಾಯ್ದೆ) ಮತ್ತು ಐಟಿ ಕಾಯ್ದೆಗಳಲ್ಲಿ ಅಪರಾಧ. ಫೋಟೋ ಮಗುವಿನ ಮೊಬೈಲಿನಲ್ಲೇ ಇರಲಿ, ಪೊಲೀಸರು ಅಲ್ಲಿಂದಲೇ ತೆಗೆದುಕೊಳ್ಳಲಿ.

ಹಂತ 4: "ಕೆಲಸ ಕೊಡಿಸುತ್ತೇನೆ" ಅಂದರೆ

ಸ್ಪಾ, ಬಾರು, ಡ್ಯಾನ್ಸ್ ತಂಡ, ಮೇಕಪ್ ಕಲಿಸುವ ಜಾಗ, ಮಾಡೆಲಿಂಗ್. ಆಮಿಷಕ್ಕೆ ಹೆಸರು ಬೇಕಾದಷ್ಟಿವೆ. ಬಂಗಾಳದ ಕಡೆಯ ಹೆಣ್ಣುನಡೆಯ ಹುಡುಗರು ಮದುವೆ ಸೀಸನ್‌ನಲ್ಲಿ ಬಿಹಾರ, ಉತ್ತರ ಪ್ರದೇಶಕ್ಕೆ ಕುಣಿಯಲು ಹೋಗುತ್ತಾರೆ. ಕುಣಿಯುವುದು ಅವರಿಗೆ ಇಷ್ಟ, ಕುಣಿದರೆ ತಪ್ಪೂ ಇಲ್ಲ. ಆದರೆ ರಾತ್ರಿ ಮುಗಿದ ಮೇಲೆ ಹಿಂಸೆಗೆ ಸಿಕ್ಕಿ ಬಂದವರು ಅವರಲ್ಲಿ ಎಷ್ಟೋ ಜನ.

ಹೊರಡುವ ಮೊದಲು ಕೇಳಬೇಕಾದ ಪ್ರಶ್ನೆಗಳು ಸರಳ. ಜಾಗದ ವಿಳಾಸ ಏನು? ಸಂಬಳ ಎಷ್ಟು, ಯಾರ ಖಾತೆಗೆ? ಈಗಾಗಲೇ ಅಲ್ಲಿ ಕೆಲಸ ಮಾಡುತ್ತಿರುವವರ ಜೊತೆ ಫೋನಿನಲ್ಲಿ ಮಾತಾಡಿಸುತ್ತೀರಾ? ಅಡ್ವಾನ್ಸ್ ಯಾಕೆ ಕೊಡುತ್ತಿದ್ದೀರಿ? ಈ ಕೊನೆಯ ಪ್ರಶ್ನೆಯೇ ಮುಖ್ಯ. ಕೇಳದೆ ಬರುವ ಅಡ್ವಾನ್ಸ್ ನಾಳೆ ಸಾಲವಾಗುತ್ತದೆ. ಅಸಲಿ ಆಧಾರ್, ಅಂಕಪಟ್ಟಿ ಯಾರ ಕೈಗೂ ಕೊಡಬೇಡಿ, ಜೆರಾಕ್ಸ್ ಸಾಕು. ಈಗಾಗಲೇ ಸಾಲದಲ್ಲಿ ಸಿಕ್ಕಿಕೊಂಡವರಿಗೂ ಗೊತ್ತಿರಲಿ: 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯ ಪ್ರಕಾರ ಜೀತದ ಸಾಲವನ್ನು ತೀರಿಸಬೇಕಾಗಿಲ್ಲ. "ದುಡ್ಡು ಕೊಡದೆ ಹೋಗುವಂತಿಲ್ಲ" ಅನ್ನುವುದು ಅವರ ನಿಯಮ, ಕಾನೂನಲ್ಲ.

ಹಂತ 5: ಜಮಾತ್, ಹಮಾಮ್, ಜೋಗಪ್ಪ: ನೇರವಾಗಿ ಮಾತಾಡೋಣ

ಟ್ರಾನ್ಸ್ ಮಗು ಮನೆ ಬಿಟ್ಟಾಗ ಹೆಚ್ಚಾಗಿ ಬಾಗಿಲು ತೆರೆಯುವುದು ಸಮುದಾಯವೇ: ಗುರುವಿನ ಕೈಕೆಳಗೆ ಒಂದು ಕುಟುಂಬದಂತೆ ಇರುವ ಹಿಜ್ರಾ ಜಮಾತ್, ಇಲ್ಲವೇ ಸಮುದಾಯದವರು ಒಟ್ಟಿಗೆ ಇದ್ದು ಕೆಲಸ ಮಾಡುವ ಹಮಾಮ್. ಗುರು ಅನ್ನ ಹಾಕುತ್ತಾರೆ, ಹೆಸರು ಕೊಡುತ್ತಾರೆ, ಕಾಯಿಲೆ ಬಿದ್ದರೆ ನೋಡಿಕೊಳ್ಳುತ್ತಾರೆ. ಹೆತ್ತವರು ಕೈಬಿಟ್ಟವರನ್ನು ಸಾಕಿದ ಆ ಮನೆಗಳನ್ನೆಲ್ಲ ಕಳ್ಳಸಾಗಣೆ ಅಡ್ಡೆ ಅನ್ನುವುದು ಅನ್ಯಾಯ. ಇದರ ಜೊತೆಗೇ ಇನ್ನೊಂದು ಮಾತನ್ನೂ ಹೇಳಬೇಕು. ಕೆಲವು ಕಡೆ ಚೇಲಾ (ಶಿಷ್ಯೆ) ಆದವರಿಗೆ ಬಸ್ತಿ (ಅಂಗಡಿ, ಬೀದಿಗಳಲ್ಲಿ ದುಡ್ಡು) ಕೇಳುವುದು, ಧಂದೆ (ಲೈಂಗಿಕ ಕೆಲಸ) ಮಾಡುವುದು ಬಿಟ್ಟು ಬೇರೆ ದಾರಿ ಇರುವುದಿಲ್ಲ. ದಿನಕ್ಕೆ ಇಷ್ಟು ತರಬೇಕು ಅನ್ನುವ ಲೆಕ್ಕ ಇರುತ್ತದೆ. ಬಿಟ್ಟು ಹೋಗುವುದಾದರೆ ದಂಡ ಕಟ್ಟಬೇಕಾಗುತ್ತದೆ. ಬೆಂಗಳೂರಿನ ಕೋತಿ (ಹೆಣ್ಣುನಡೆಯ ಗಂಡಸರು) ಮತ್ತು ಹಿಜ್ರಾ ಲೈಂಗಿಕ ಕಾರ್ಯಕರ್ತೆಯರ ಮೇಲೆ ಪೊಲೀಸರಿಂದ, ಗೂಂಡಾಗಳಿಂದ ಆಗುವ ಹಿಂಸೆಯನ್ನು ಮಾನವ ಹಕ್ಕುಗಳ ಸಂಘಟನೆ ಪಿಯುಸಿಎಲ್ ಕರ್ನಾಟಕ 2003ರಲ್ಲೇ ವರದಿಯಾಗಿ ಹೊರತಂದಿತ್ತು.

ಹಾಗಾದರೆ ಯುವಜನರು ಏನು ನೋಡಬೇಕು? ಮೂರು ಸಂಗತಿ ನೋಡಿ. ಬೇಡ ಅನ್ನಿಸಿದ ದಿನ ಹೊರಗೆ ಹೋಗಬಹುದಾ? ಓದು ಮುಂದುವರಿಸುತ್ತೇನೆ ಅಂದರೆ ಬಿಡುತ್ತಾರಾ? ಆಪರೇಷನ್ ಮಾಡಿಸಿಕೋ ಅಂತ ಒತ್ತಾಯ ಇದೆಯಾ? ಹದಿನೆಂಟು ತುಂಬದವರಿಗೆ ಯಾರಾದರೂ ನಿರ್ವಾಣದ (ಜನನಾಂಗ ತೆಗೆಸುವ ಆಪರೇಷನ್) ಮಾತೆತ್ತಿದರೆ ಅಲ್ಲಿಂದ ಹೊರಟುಬಿಡಿ. ದೊಡ್ಡವರಾದ ಮೇಲೂ ಅದನ್ನು ಮಾಡಬೇಕಾದವರು ನೋಂದಾಯಿತ ಆಸ್ಪತ್ರೆಯ ಡಾಕ್ಟರು ಮಾತ್ರ. "ಖರ್ಚು ನಾನು ನೋಡಿಕೊಳ್ಳುತ್ತೇನೆ" ಅನ್ನುವ ಮಾತಿನ ಹಿಂದೆ ವರ್ಷಗಟ್ಟಲೆ ತೀರದ ಸಾಲ ಇರಬಹುದು.

ಉತ್ತರ ಕರ್ನಾಟಕದಲ್ಲಿ ಹೆಣ್ಣುನಡೆಯ ಹುಡುಗರನ್ನು ಎಲ್ಲಮ್ಮನ ಹೆಸರಲ್ಲಿ ಜೋಗಪ್ಪ ಮಾಡುವ ಪದ್ಧತಿ ಇದೆ. ಮಂಜಮ್ಮ ಜೋಗತಿಯವರ ಬದುಕು ಎಲ್ಲರಿಗೂ ಗೊತ್ತು. ಮನೆಯವರು ಅವರನ್ನು ಹುಲಿಗಿಯಲ್ಲಿ ಮುತ್ತು ಕಟ್ಟಿಸಿ ದೇವಿಗೆ ಬಿಟ್ಟರು. ಆಮೇಲೆ ಮನೆಯಲ್ಲಿ ನೆಲೆ ಸಿಗಲಿಲ್ಲ. ವಿಷ ಕುಡಿದು ಬದುಕಿ ಉಳಿದವರು ಅವರು. ಕಾಳವ್ವ ಜೋಗತಿಯವರಿಂದ ಜೋಗತಿ ನೃತ್ಯ ಕಲಿತರು. ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ನಾನು ಇದನ್ನು ಹೆಮ್ಮೆಯ ಕತೆಯಾಗಿ ಮಾತ್ರ ಹೇಳುತ್ತಿಲ್ಲ. ಒಂದು ಕಲೆ, ಕಲಿಸುವ ಒಂದು ಕೈ ಸಿಕ್ಕಿತು. ಅದು ಸಿಗದವರ ಹೆಸರು ನಮಗೆ ಗೊತ್ತೇ ಇಲ್ಲ, ಅಲ್ವಾ?

ಹಂತ 6: ಮನೆ ಬಿಟ್ಟ ಮೊದಲ ರಾತ್ರಿ

ಇದನ್ನು ನೇರವಾಗಿ ಮಕ್ಕಳಿಗೇ ಹೇಳುತ್ತಿದ್ದೇನೆ. ಸಾಧ್ಯವಾದರೆ ರಾತ್ರಿ ಹೊರಡಬೇಡ. ಅಜ್ಜಿ, ಸೋದರತ್ತೆ, ಗೆಳೆಯನ ಅಮ್ಮ, ಒಬ್ಬ ಮೇಷ್ಟ್ರು: ಒಂದು ರಾತ್ರಿಗೆ ಜಾಗ ಕೊಡುವ ಎರಡು ಹೆಸರನ್ನು ಇವತ್ತೇ ಯೋಚಿಸಿಟ್ಟುಕೋ. ಅವರ ನಂಬರನ್ನು ಕಾಗದದಲ್ಲಿ ಬರೆದುಕೋ, ಮೊಬೈಲ್ ಕೈ ಕೊಡುತ್ತದೆ. ಆಧಾರ್, ಅಂಕಪಟ್ಟಿ, ಸ್ವಲ್ಪ ನಗದು, ಚಾರ್ಜರ್ ಜೊತೆಗಿರಲಿ. 18 ತುಂಬಿಲ್ಲ ಅಂದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡು. ದಿನದ ಯಾವ ಹೊತ್ತಿನಲ್ಲೂ ಎತ್ತುತ್ತಾರೆ. ರೈಲು ನಿಲ್ದಾಣದಲ್ಲಿದ್ದರೆ ರೈಲ್ವೆ ರಕ್ಷಣಾ ಪಡೆಯವರಿಗೆ ಹೇಳು, ಅಥವಾ 139ಕ್ಕೆ ಕರೆ ಮಾಡು. ಜೀವಕ್ಕೇ ಅಪಾಯ ಅನ್ನಿಸಿದರೆ 112.

ಅಂಥ ಮಗು ನಿಮಗೆ ಎದುರಾದರೆ ನೀವು ಏನು ಮಾಡಬೇಕು? ಊಟ ಕೊಡಿಸಿ. ಜನ ಇರುವ ಜಾಗದಲ್ಲೇ ಕೂರಿಸಿ. ನಿಮ್ಮ ಮನೆಗೆ ಕರೆದುಕೊಂಡು ಹೋಗಿ ಸುಮ್ನೆ ಇಟ್ಟುಕೊಳ್ಳಬೇಡಿ, ಮನಸ್ಸು ಎಷ್ಟೇ ಒಳ್ಳೆಯದಿದ್ದರೂ. ಮನೆಯವರಿಲ್ಲದೆ ಒಂಟಿಯಾಗಿ ಸಿಕ್ಕ ಮಗುವಿನ ಬಗ್ಗೆ 24 ಗಂಟೆಯೊಳಗೆ ಮಕ್ಕಳ ಸಹಾಯವಾಣಿಗೋ ಪೊಲೀಸರಿಗೋ ಮಕ್ಕಳ ಕಲ್ಯಾಣ ಸಮಿತಿಗೋ ತಿಳಿಸಬೇಕು ಅಂತ 2015ರ ಬಾಲ ನ್ಯಾಯ ಕಾಯ್ದೆ ಹೇಳುತ್ತದೆ. ಸಮಿತಿಯ ಮುಂದೆ ಒಂದು ಮಾತು ಮರೆಯದೆ ಹೇಳಿ: ಮನೆಯಲ್ಲಿ ಹೊಡೆತ ಇದೆ, ಸುಮ್ಮನೆ ವಾಪಸ್ ಕಳಿಸಬೇಡಿ. ಮಗುವಿನ ಲಿಂಗತ್ವಕ್ಕೆ ಹೊಂದುವ, ಸುರಕ್ಷಿತವಾದ ಜಾಗವನ್ನೇ ಕೇಳಿ. ಹುಡುಗರ ಮಂದಿರದಲ್ಲಿ ಒಬ್ಬ ಟ್ರಾನ್ಸ್ ಹುಡುಗಿಯ ಪಾಡು ಏನಾಗಬಹುದು ಅನ್ನುವುದು ಅಧಿಕಾರಿಗಳ ಲಕ್ಷ್ಯಕ್ಕೆ ಬಂದೇ ಇರದಿರಬಹುದು.

18 ದಾಟಿದ ಟ್ರಾನ್ಸ್ ವ್ಯಕ್ತಿಗಳಿಗೆ ಕೇಂದ್ರದ ಸ್ಮೈಲ್ ಯೋಜನೆಯಲ್ಲಿ ಗರಿಮಾ ಗೃಹ ಅನ್ನುವ ಆಶ್ರಯ ಮನೆಗಳಿವೆ. ಬೆಂಗಳೂರಿನಲ್ಲಿ 1999ರಿಂದ ಇರುವ ಸಂಗಮ, ಅಕ್ಕೈ ಪದ್ಮಶಾಲಿಯವರು ಕಟ್ಟಿದ ಒಂದೆಡೆಯಂಥ ಸಂಸ್ಥೆಗಳನ್ನು ಸಂಪರ್ಕಿಸಿದರೆ ದಾರಿ ತೋರಿಸುತ್ತಾರೆ.

ಹುಡುಗಿಯರ ಕತೆ ಬೇರೆ. ಪ್ರೀತಿಸಿದ ಇಬ್ಬರು ಹುಡುಗಿಯರು ಮನೆ ಬಿಟ್ಟರೆ ಅವರು ಬಸ್ ನಿಲ್ದಾಣದಲ್ಲಿ ಕಾಣಿಸುವುದಕ್ಕಿಂತ ಮಿಸ್ಸಿಂಗ್ ಕಂಪ್ಲೇಂಟ್‌ನಲ್ಲಿ ಕಾಣಿಸುತ್ತಾರೆ. ಎಳೆದು ತಂದು ಮದುವೆ ಮಾಡುತ್ತಾರೆ. ಇಬ್ಬರೂ ವಯಸ್ಕರಾಗಿದ್ದರೆ ಎಲ್ಲಿರಬೇಕು ಅನ್ನುವುದು ಅವರದೇ ತೀರ್ಮಾನ. ಇಂಥ ಕೇಸುಗಳಲ್ಲಿ ಕೌನ್ಸೆಲಿಂಗ್ ನೆಪದಲ್ಲಿ ಅವರ ಮನಸ್ಸು ತಿರುಗಿಸಲು ಹೋಗಬಾರದು ಅಂತ 2024ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ನ್ಯಾಯಾಲಯಗಳಿಗೆ ಸೂಚನೆ ಕೊಟ್ಟಿದೆ.

ಹಂತ 7: ಈಗಾಗಲೇ ಸಿಕ್ಕಿಬಿದ್ದಿದ್ದರೆ

ನೀವೇ ನುಗ್ಗಿ ಬಿಡಿಸಲು ಹೋಗಬೇಡಿ. ಅಲ್ಲಿರುವ ಬೇರೆ ಮಕ್ಕಳಿಗೆ ಅಪಾಯ. ವಿಳಾಸ, ನಂಬರ್, ವಾಹನ, ಕೊನೆಯ ಬಾರಿ ಮಾತಾಡಿದ ಹೊತ್ತು ಬರೆದುಕೊಂಡು 112 ಅಥವಾ 1098ಕ್ಕೆ ತಿಳಿಸಿ. ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. "ನಮ್ಮ ವ್ಯಾಪ್ತಿ ಅಲ್ಲ" ಅಂದರೆ ಝೀರೋ ಎಫ್‌ಐಆರ್ (ವ್ಯಾಪ್ತಿ ನೋಡದೆ ದಾಖಲಿಸುವ ದೂರು) ಮಾಡಿ ಅಂತ ಕೇಳಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಹೊಸ ಕಾನೂನಿನಲ್ಲಿ ಅದು ಸ್ಪಷ್ಟವಾಗಿದೆ. ಭಾರತೀಯ ನ್ಯಾಯ ಸಂಹಿತೆಯ 143ನೇ ಕಲಂ ಕಳ್ಳಸಾಗಣೆಯದು. ಹದಿನೆಂಟರ ಒಳಗಿನ ಮಗುವನ್ನು ಸಾಗಿಸಿದರೆ ಕನಿಷ್ಠ 10 ವರ್ಷ ಶಿಕ್ಷೆ. "ಅವನೇ ಒಪ್ಪಿಕೊಂಡು ಬಂದಿದ್ದ" ಅನ್ನುವ ವಾದಕ್ಕೆ ಅಲ್ಲಿ ಬೆಲೆಯಿಲ್ಲ.

ಪೋಕ್ಸೋ ಗಂಡು, ಹೆಣ್ಣು, ಟ್ರಾನ್ಸ್ ಅಂತ ನೋಡುವುದಿಲ್ಲ. ಹದಿನೆಂಟರ ಒಳಗಿನ ಎಲ್ಲರಿಗೂ ಇದೆ. ಮಗುವಿನ ಹೇಳಿಕೆಯನ್ನು ಮನೆಯಲ್ಲೋ ಅದಕ್ಕೆ ಇಷ್ಟವಾದ ಜಾಗದಲ್ಲೋ, ಸಮವಸ್ತ್ರ ಹಾಕದ ಅಧಿಕಾರಿ ಬರೆದುಕೊಳ್ಳಬೇಕು. ರಾತ್ರಿ ಠಾಣೆಯಲ್ಲಿ ಇರಿಸಿಕೊಳ್ಳುವಂತಿಲ್ಲ. ಗೊತ್ತಿದ್ದೂ ದೂರು ಕೊಡದ ಮೇಷ್ಟ್ರು, ವಾರ್ಡನ್, ಡಾಕ್ಟರ ಮೇಲೂ ಕೇಸು ಆಗುತ್ತದೆ. ಕಾಲೇಜಿನ ಮರ್ಯಾದೆ ಅಂತ ಮುಚ್ಚಿಡುವವರು ಇದನ್ನು ಗಟ್ಟಿಯಾಗಿ ಓದಿಕೊಳ್ಳಲಿ.

18 ದಾಟಿದ ಹುಡುಗರಿಗೆ ಕಾನೂನು ಇನ್ನೂ ಕೊರತೆಯಾಗಿಯೇ ಇದೆ. ಇಂಥ ಕೇಸಿಗೆ ಮೊದಲು ಬಳಸುತ್ತಿದ್ದ, ಹಳೇ ದಂಡಸಂಹಿತೆಯ 377ನೇ ಕಲಂ ಹೊಸ ಸಂಹಿತೆಯಲ್ಲಿ ಇಲ್ಲ. ಅತ್ಯಾಚಾರದ ಕಲಂ ವಯಸ್ಕ ಗಂಡಸಿನ ಮೇಲಾದ ಅತ್ಯಾಚಾರವನ್ನು ಒಳಗೊಳ್ಳುವುದಿಲ್ಲ. ಆದ್ದರಿಂದ ವಕೀಲರ ಜೊತೆ ಕೂತು ಸುಲಿಗೆ, ಅಕ್ರಮ ಬಂಧನ, ಹಲ್ಲೆ, ಕಳ್ಳಸಾಗಣೆ ಇವುಗಳಡಿ ದೂರು ಬರೆಸಬೇಕು. 15100ಕ್ಕೆ ಕರೆ ಮಾಡಿದರೆ ಕಾನೂನು ಸೇವಾ ಪ್ರಾಧಿಕಾರದವರು ಸಿಗುತ್ತಾರೆ. ಕಳ್ಳಸಾಗಣೆಗೆ ಒಳಗಾದವರಿಗೆ ವಕೀಲರು ಉಚಿತ.

ಠಾಣೆಗೆ ಒಬ್ಬರನ್ನೇ ಕಳಿಸಬೇಡಿ. ಕರ್ನಾಟಕ ಪೊಲೀಸ್ ಕಾಯ್ದೆಗೆ 2011ರಲ್ಲಿ 36ಎ ಅನ್ನುವ ಕಲಂ ಸೇರಿಸಿ, ಹಿಜ್ರಾ ಸಮುದಾಯದವರ ಹೆಸರುಗಳ ಪಟ್ಟಿ ಇಡಲು ಅವಕಾಶ ಕೊಟ್ಟಿದ್ದರು. ಸಮುದಾಯ ಹೋರಾಡಿದ ಮೇಲೆ ಅದನ್ನು ತಿದ್ದಲಾಯಿತು. ಆ ಭಯ ಅಷ್ಟು ಬೇಗ ಹೋಗುವುದಿಲ್ಲ. ಜೊತೆಗೆ ಒಬ್ಬರು ಕೂತಿದ್ದರೆ ಮಾತಿನ ಧಾಟಿಯೇ ಬದಲಾಗುತ್ತದೆ.

ಇನ್ನೊಂದು ಮಾತು. ತನ್ನ ಇಚ್ಛೆಯಿಂದ ಲೈಂಗಿಕ ಕೆಲಸ ಮಾಡುವ ವಯಸ್ಕರು ಕಳ್ಳಸಾಗಣೆಯ ಬಲಿಪಶುಗಳಲ್ಲ. ಅವರಿಗೂ ಘನತೆಯ ಬದುಕಿನ ಹಕ್ಕಿದೆ ಅಂತ 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅಲ್ಲಿ ಒಂದು ಚಿಕ್ಕ ಮಗು ಬಂದಿದೆ ಅಂತ ಎಷ್ಟೋ ಸಲ ಮೊದಲು ತಿಳಿಯುವುದೂ ಅವರಿಗೇ. ಅವರನ್ನು ಶತ್ರು ಮಾಡಿಕೊಂಡು ಯಾವ ಮಗುವನ್ನೂ ಕಾಪಾಡಲಾಗುವುದಿಲ್ಲ.

ಹಂತ 8: ವಾಪಸ್ ಬಂದ ಮೇಲೆ

ಮೊದಲ ವಾರ ಪ್ರಶ್ನೆ ಬೇಡ. ನಿದ್ದೆ, ಊಟ, ಡಾಕ್ಟರು. ಎಚ್‌ಐವಿ ಸೋಂಕಿನ ಭಯ ಇದ್ದರೆ ತಡ ಮಾಡಬೇಡಿ. ಘಟನೆ ನಡೆದ 72 ಗಂಟೆಯೊಳಗೆ ಪೆಪ್ ಮಾತ್ರೆ ಶುರು ಮಾಡಿದರೆ ಸೋಂಕು ತಡೆಯಬಹುದು. ದೊಡ್ಡ ಸರ್ಕಾರಿ ಆಸ್ಪತ್ರೆಯಲ್ಲಿ ಕೇಳಿ.

ಕೆಲವರು ಮತ್ತೆ ಅಲ್ಲಿಗೇ ಹೋಗುತ್ತಾರೆ. ಮನೆಯವರಿಗೆ ಇದು ತಡೆಯಲಾಗದ ನೋವು. "ಇಷ್ಟು ಮಾಡಿದರೂ ಹೋದನಲ್ಲ" ಅನ್ನುತ್ತಾರೆ. ಅಲ್ಲಿ ಅವನಿಗೆ ಹೊಡೆತದ ಜೊತೆ ಗೆಳೆಯರೂ ಇದ್ದರು, ಅವನಿಗೆ ಇಷ್ಟವಾದ ಹೆಸರಿತ್ತು. ಇಲ್ಲಿ ಹಳೇ ಹೆಸರಲ್ಲೇ ಕರೆಯುತ್ತೀರಿ, ಸೀರೆಯನ್ನು ಬೀರುವಿನಲ್ಲಿ ಬಚ್ಚಿಡುತ್ತೀರಿ. ಹಾಗಿದ್ದ ಮೇಲೆ ಬಸ್ ಹತ್ತುವುದು ಅವನಿಗೆ ಸುಲಭ. ಬಾಗಿಲು ಹಾಕಬೇಡಿ. ಹಬ್ಬಕ್ಕೆ ಫೋನ್ ಮಾಡಿ. ನಂಬರ್ ಬದಲಾಯಿಸಬೇಡಿ.

ನನಗೆ ಗೊತ್ತಿರುವ ಒಬ್ಬ ತಾಯಿ ರಾತ್ರಿ ಮಲಗುವಾಗ ಮೊಬೈಲನ್ನು ಸೈಲೆಂಟ್ ಮಾಡುವುದು ಬಿಟ್ಟು ಎರಡು ವರ್ಷವಾಗಿತ್ತು. ಮಗಳಿಂದ ಕರೆ ಬಂದದ್ದು ಬೆಳಗಿನ ಜಾವ ಮೂರೂವರೆಗೆ. ಆ ತಾಯಿ ಅವತ್ತಿನವರೆಗೂ "ಮಗ" ಅಂತಲೇ ಹೇಳುತ್ತಿದ್ದವರು. ಕರೆ ಎತ್ತಿ ಕೇಳಿದ್ದು ಒಂದೇ ಮಾತು: "ಎಲ್ಲಿದ್ದೀಯಾ ಮಗಳೇ, ಊಟ ಆಯ್ತಾ?"